ಮೆತ್ತನೆಯ ಷೂ ಮಂಡಿ ಉಳಿಸುತ್ತದೆಯೇ?

ಮಂಡಿನೋವಿನ ಬಗ್ಗೆ ಜನ ಕೇಳುವ ಪ್ರಶ್ನೆಯ ಧಾಟಿ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮೊದಲೆಲ್ಲ ‘ಯಾವ ಎಣ್ಣೆ ಹಚ್ಚಿದರೆ ಒಳ್ಳೆಯದು?’ ಎಂದು ಕೇಳುತ್ತಿದ್ದರು. ಈಗ ‘ಯಾವ ಷೂ ಕೊಂಡರೆ ಒಳ್ಳೆಯದು?’ ಎನ್ನುತ್ತಾರೆ. ಭಾನುವಾರ ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಇದರ ಕಾರಣ ತಿಳಿಯುತ್ತದೆ. ನಲವತ್ತೈದು, ಐವತ್ತು ದಾಟಿದ ಗಂಡಸರು, ಹೆಂಗಸರು ತಂಡತಂಡವಾಗಿ ಓಡುತ್ತಿರುತ್ತಾರೆ. ನಗರದಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಸಾರ್ವಜನಿಕ ಓಟ ಇಂತಹ ಎಷ್ಟೋ ಜನರಿಗೆ ಮೊದಲ ಮೆಟ್ಟಿಲು. ಶಾಲೆಯಲ್ಲಿ ಕ್ಯಾನ್ವಾಸ್ ಷೂ ಬಿಟ್ಟರೆ ಬೇರೇನೂ ಕಾಣದಿದ್ದ ಈ ಕಾಲುಗಳಲ್ಲಿ ಇಂದು ಎರಡು ಇಡ್ಲಿಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಅಟ್ಟೆಯ ಷೂಗಳಿವೆ. ಬೆಲೆ ಹತ್ತು ಸಾವಿರ, ಹದಿನೈದು ಸಾವಿರ. ಅದಕ್ಕೂ ಮೇಲೆ ಇದೆ.

ಈ ದಪ್ಪ, ಮೆತ್ತನೆಯ ಷೂಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿ, ದೂರದವರೆಗೆ, ಡಾಂಬರು ರಸ್ತೆಯ ಮೇಲೆ ಓಡುವವರಿಗೆ ಇವು ಒಳ್ಳೆಯ ವಸ್ತುಗಳೇ. ಆದರೆ ನಾವು ಅವನ್ನು ಪರೀಕ್ಷಿಸುವ ರೀತಿ ತಪ್ಪು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ, ಹತ್ತು ಹೆಜ್ಜೆ ನಡೆದು, ‘ಆಹಾ, ಹತ್ತಿಯ ಮೇಲೆ ನಡೆದಂತಿದೆ’ ಎಂದು ಕೊಳ್ಳುತ್ತೇವೆ. ಇಂತಹ ಷೂವಿನ ನಿಜವಾದ ಪರೀಕ್ಷೆ ಮೊದಲ ಹತ್ತು ಹೆಜ್ಜೆಯಲ್ಲಿ ಅಲ್ಲ, ದಣಿದ ಕಾಲುಗಳು ಓಡುವ ಕೊನೆಯ ಮೂರು ಕಿಲೋಮೀಟರಿನಲ್ಲಿ. ಎರಡನೆಯದಾಗಿ, ಷೂ ಮಂಡಿಯನ್ನು ‘ಉಳಿಸುತ್ತದೆ’ ಎಂಬ ಭರವಸೆಯಲ್ಲಿ ಓಟದ ದೂರವನ್ನು ಏಕಾಏಕಿ ಏರಿಸುವವರೇ ಹೆಚ್ಚಾಗಿ ಮಂಡಿ ಹಿಡಿದುಕೊಂಡು ಕೂರುವವರು.

ಮೊದಲು ಮಂಡಿಯ ಭಯವನ್ನೇ ನೋಡೋಣ. ಓಡಿದರೆ ಮಂಡಿ ಸವೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಮಂಡಿ ಮತ್ತು ಸೊಂಟದ ಕೀಲುಗಳ ಸವೆತದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಹವ್ಯಾಸಕ್ಕೆ ಓಡುವವರಲ್ಲಿ ಈ ತೊಂದರೆ ಇದ್ದದ್ದು ನೂರಕ್ಕೆ ಸುಮಾರು 3.5 ಮಂದಿಗೆ, ಓಡದೆ ಕೂತಿರುವವರಲ್ಲಿ ಸುಮಾರು 10 ಮಂದಿಗೆ, ಸ್ಪರ್ಧೆಗಾಗಿ ತೀವ್ರವಾಗಿ ಓಡುವವರಲ್ಲಿ ಸುಮಾರು 13 ಮಂದಿಗೆ. ಕೀಲು ಸರಿಯಿದ್ದವರೇ ಓಟ ಮುಂದುವರಿಸುತ್ತಾರೆ ಎಂಬ ಆಕ್ಷೇಪಣೆಗೆ ಇಲ್ಲಿ ಅವಕಾಶವಿದೆ, ನಿಜ. ಆದರೂ ಹಿತಮಿತವಾಗಿ ಓಡುವವನ ಮಂಡಿಗೆ ಓಟವೇ ಶತ್ರು ಎನ್ನಲು ಆಧಾರವಿಲ್ಲ. ಆದ್ದರಿಂದ ಶತ್ರುವಿನಿಂದ ರಕ್ಷಿಸುವ ಗುರಾಣಿಯಂತೆ ಷೂವನ್ನು ಮಾರುವುದೂ, ಕೊಳ್ಳುವುದೂ ಅಷ್ಟು ಸರಿಯಲ್ಲ.

ಹಾಗಾದರೆ ಮೆತ್ತೆಯ ಕೆಲಸವೇನು? ನಿಧಾನದ ಓಟ ಎಂದರೆ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುತ್ತ ಓಡಬಲ್ಲ ವೇಗ. ಹೊಸಬರಿಗೆ ಅದು ಕಿಲೋಮೀಟರಿಗೆ ಏಳೂವರೆ ನಿಮಿಷದ ಆಸುಪಾಸು ಇರಬಹುದು. ನಿಮಿಷಕ್ಕೆ 160 ಹೆಜ್ಜೆ ಎಂದು ಹಿಡಿದರೆ ಕಿಲೋಮೀಟರಿಗೆ 1,200 ಹೆಜ್ಜೆ. 15 ಕಿಲೋಮೀಟರಿಗೆ 18,000. ಪ್ರತಿ ಹೆಜ್ಜೆಯಲ್ಲೂ ನೆಲ ನಿಮ್ಮ ಪಾದವನ್ನು ದೇಹತೂಕದ ಸುಮಾರು ಎರಡರಿಂದ ಎರಡೂವರೆ ಪಟ್ಟು ಬಲದಿಂದ ಎದುರು ತಳ್ಳುತ್ತದೆ. 65 ಕಿಲೋ ತೂಕದವರ ಒಂದೊಂದು ಪಾದದ ಮೇಲೂ 130ರಿಂದ 160 ಕಿಲೋದಷ್ಟು ಭಾರ, ಒಂಬತ್ತು ಸಾವಿರ ಸಲ! ಇಷ್ಟನ್ನೂ ತಡೆದುಕೊಳ್ಳುವುದು ಷೂ ಅಲ್ಲ; ತೊಡೆ, ಮೀನಖಂಡ, ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಮತ್ತು ಅಂಗಾಲಿನ ಕಮಾನು. ಅಟ್ಟೆಯ ನಡುವಿನ ಫೋಮ್ ಪದರ ಮಾಡುವುದು ಸಣ್ಣ ಕೆಲಸ. ನೆಲ ತಾಗುವ ಕ್ಷಣದ ಪೆಟ್ಟನ್ನು ಕೊಂಚ ಹಿಗ್ಗಿಸಿ ಹರಡುತ್ತದೆ. ಅಂಗಾಲಿನ ಒಂದೇ ಜಾಗಕ್ಕೆ ಒತ್ತಡ ಬೀಳದಂತೆ ನೋಡಿಕೊಳ್ಳುತ್ತದೆ. ಸಣ್ಣ ಕೆಲಸವಾದರೂ ಒಂಬತ್ತು ಸಾವಿರ ಸಲ ಮಾಡುವಾಗ ಅದಕ್ಕೆ ಬೆಲೆಯಿದೆ.

ದೇಹವಾದರೋ ಬಹಳ ಚಾಣಾಕ್ಷ. ಮೆತ್ತನೆಯ ನೆಲ ಸಿಕ್ಕಿದರೆ ಕಾಲನ್ನು ಬಿಗಿ ಮಾಡಿಕೊಳ್ಳುತ್ತದೆ, ಗಟ್ಟಿ ನೆಲ ಸಿಕ್ಕಿದರೆ ಮಂಡಿಯನ್ನು ಹೆಚ್ಚು ಮಡಿಸಿ ಇಳಿಯುತ್ತದೆ. ಫಿನ್ಲೆಂಡಿನ ಸಂಶೋಧಕರು 2018ರಲ್ಲಿ ಹನ್ನೆರಡು ಮಂದಿ ಓಟಗಾರರಿಗೆ ಸಾಮಾನ್ಯ ಷೂವನ್ನೂ ಬಹು ದಪ್ಪನೆಯ ಷೂವನ್ನೂ ತೊಡಿಸಿ ನೋಡಿದಾಗ, ದಪ್ಪನೆಯದರಲ್ಲಿ ಕಾಲು ಹೆಚ್ಚು ಬಿಗಿಯಾಗಿ, ನೆಲದ ಪೆಟ್ಟು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಇದು ಎದ್ದು ಕಂಡದ್ದು ಗಂಟೆಗೆ 14.5 ಕಿಲೋಮೀಟರ್ ವೇಗದಲ್ಲಿ. 10 ಕಿಲೋಮೀಟರ್ ವೇಗದಲ್ಲಿ ವ್ಯತ್ಯಾಸ ಕಡಿಮೆಯಿತ್ತು. ನಮ್ಮ ಪಾರ್ಕುಗಳ ಹೊಸ ಓಟಗಾರರು ಓಡುವುದು ಅದಕ್ಕಿಂತಲೂ ನಿಧಾನವಾಗಿ. ದಪ್ಪ ಷೂ ನಿಧಾನದ ಓಟಕ್ಕೇ ಹೊಂದುತ್ತದೆ ಎಂದು ನಾನು ಹೇಳಲು ಇದೂ ಒಂದು ಕಾರಣ.

ಷೂಗಳ ಲೋಕದಲ್ಲಿ ಫ್ಯಾಷನ್ ಲೋಲಕದಂತೆ ಆಡುತ್ತದೆ. 1970ರ ದಶಕದ ನಡುವಿನಲ್ಲಿ ಇ.ವಿ.ಎ. ಎಂಬ ಹಗುರ ಫೋಮ್ ಓಟದ ಷೂಗಳಿಗೆ ಬಂತು. 2009ರ ಹೊತ್ತಿಗೆ ಬರಿಗಾಲ ಓಟವೇ ಶ್ರೇಷ್ಠ ಎಂಬ ಗಾಳಿ ಅಮೆರಿಕದಲ್ಲಿ ಬೀಸಿ, ಕಾಲಿಗೆ ಕೈಗವಸು ತೊಡಿಸಿದಂತೆ ಕಾಣುವ ತೆಳು ಷೂಗಳು ಬಿಸಿ ದೋಸೆಯಂತೆ ಖರ್ಚಾದವು. ಅವನ್ನು ತಯಾರಿಸುತ್ತಿದ್ದ ವೈಬ್ರಮ್ ಕಂಪನಿಯ ಆರೋಗ್ಯದ ಭರವಸೆಗಳಿಗೆ ಆಧಾರವಿಲ್ಲ ಎಂದು ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ತಪ್ಪನ್ನು ಒಪ್ಪಿಕೊಳ್ಳದೆಯೇ ಕಂಪನಿ 2014ರಲ್ಲಿ 37.5 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅದೇ 2009ರಲ್ಲೇ ಇಬ್ಬರು ಫ್ರೆಂಚರು ಬೆಟ್ಟದ ಇಳಿಜಾರಿನಲ್ಲಿ ಓಡಲೆಂದು ಹೋಕಾ ಎಂಬ ದಪ್ಪ ಷೂ ಹೊರತಂದಿದ್ದರು. ಆಗ ನಕ್ಕವರೇ ಹೆಚ್ಚು. ಈಗ ಹೆಚ್ಚುಕಡಿಮೆ ಪ್ರತಿ ಕಂಪನಿಯಲ್ಲೂ ಅಂತಹದೊಂದಿದೆ. ಸ್ಪರ್ಧೆಯ ಷೂಗಳ ದಪ್ಪ ಎಲ್ಲೆ ಮೀರತೊಡಗಿದಾಗ, ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟಕ್ಕೆ 40 ಮಿಲಿಮೀಟರಿನ ಮಿತಿ ಹಾಕಬೇಕಾಯಿತು. ಆ ಮಿತಿ ಸ್ಪರ್ಧಿಗಳಿಗೆ ಮಾತ್ರ. ನಿಮಗೆ, ನನಗೆ ಅನ್ವಯಿಸುವುದಿಲ್ಲ.

ಮೆತ್ತನೆಯ ಷೂ ತೊಟ್ಟವರಿಗೆ ಗಾಯ ಕಡಿಮೆಯೇ? ಈ ಪ್ರಶ್ನೆಯನ್ನು ಲಕ್ಸೆಂಬರ್ಗಿನ ತಂಡವೊಂದು ಶ್ರದ್ಧೆಯಿಂದ ಬೆನ್ನುಹತ್ತಿದೆ. ನೋಡಲು ಒಂದೇ ಥರ ಇರುವ, ಆದರೆ ಫೋಮ್ ಗಟ್ಟಿ ಅಥವಾ ಮೆತ್ತಗೆ ಇರುವ ಷೂಗಳನ್ನು ಯಾರಿಗೆ ಯಾವುದೆಂದು ತಿಳಿಸದೆ ಹಂಚಿ, ತಿಂಗಳುಗಟ್ಟಲೆ ಗಮನಿಸುವುದು ಅವರ ವಿಧಾನ. 2014ರಲ್ಲಿ ಪ್ರಕಟವಾದ, 247 ಓಟಗಾರರ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ, 848 ಮಂದಿಯ ಆರು ತಿಂಗಳ ಅಧ್ಯಯನದಲ್ಲಿ ಕಂಡಿತು: ಗಟ್ಟಿ ಷೂ ತೊಟ್ಟವರಿಗೆ ಗಾಯದ ಸಂಭವ ಸುಮಾರು ಒಂದೂವರೆ ಪಟ್ಟು. ಕುತೂಹಲದ ಸಂಗತಿ ಮುಂದಿದೆ. ಈ ಲಾಭ ಸ್ಪಷ್ಟವಾಗಿ ಕಂಡದ್ದು ಕಡಿಮೆ ತೂಕದವರಲ್ಲಿ. ಹೆಚ್ಚು ತೂಕದವರಲ್ಲಿ ಅದು ಖಚಿತವಾಗಲಿಲ್ಲ. ನಮ್ಮ ಸಾಮಾನ್ಯ ತಿಳಿವಳಿಕೆ ಇದಕ್ಕೆ ತದ್ವಿರುದ್ಧ. ‘ಸಾರ್, ನಿಮ್ಮದು ಸ್ವಲ್ಪ ಭಾರದ ಮೈ, ಇದೇ ಅತಿ ಮೆತ್ತನೆಯದು, ಇದನ್ನೇ ತಗೊಳ್ಳಿ’ ಎಂದು ಅಂಗಡಿಯವರು ಹೇಳುತ್ತಾರಲ್ಲ, ಆ ಮಾತಿಗೆ ಈ ಅಧ್ಯಯನ ಬೆಂಬಲ ಕೊಡುವುದಿಲ್ಲ. ಭಾರದ ಮೈಯವರು ಅತಿ ಮೆತ್ತನೆಯ ಫೋಮನ್ನು ಪೂರ್ತಿ ಅಮುಕಿಬಿಡಬಹುದು. ಅಂಥವರಿಗೆ ಅದು ಹತ್ತಿಯಲ್ಲ, ಹೂತುಹೋಗುವ ಕೆಸರು. ಇಂತಹ ಪರೀಕ್ಷೆಗಳೆಲ್ಲವನ್ನೂ ತೂಗಿನೋಡಿದ ಕಾಕ್ರೇನ್ ಸಂಸ್ಥೆಯ 2022ರ ಸಮೀಕ್ಷೆ, ಷೂವಿನ ಬಗೆ ಮತ್ತು ಗಾಯದ ನಡುವಣ ಸಂಬಂಧದ ಬಗ್ಗೆ ಸಿಕ್ಕಿರುವ ಪುರಾವೆ ಬಹುಪಾಲು ದುರ್ಬಲ ಎಂದೇ ಹೇಳಿತು. ಡಬ್ಬಿಯ ಮೇಲೆ ಬರೆದಿರುವ ದೊಡ್ಡ ಮಾತುಗಳನ್ನು ಓದುವಾಗ ಇದು ನೆನಪಿರಲಿ.

ಇನ್ನೊಂದು ಸಂಪ್ರದಾಯ ಪಾದದ ಅಚ್ಚಿನದು. ಒದ್ದೆ ಪಾದವನ್ನು ನೆಲದ ಮೇಲೆ ಊರಿ, ಅಚ್ಚು ನೋಡಿ, ‘ನಿಮ್ಮದು ಚಪ್ಪಟೆ ಪಾದ, ನಿಮಗೆ ಈ ವಿಶೇಷ ಷೂವೇ ಬೇಕು’ ಎನ್ನುವುದು. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ದಳಗಳಲ್ಲಿ ತರಬೇತಿಗೆ ಬಂದ ಏಳು ಸಾವಿರದಷ್ಟು ಜನರ ಮೇಲೆ ಈ ಪದ್ಧತಿಯನ್ನು ಪರೀಕ್ಷಿಸಿದರು. ಪಾದದ ಆಕಾರ ನೋಡಿ ಷೂ ಕೊಟ್ಟವರಿಗೂ, ನೋಡದೆ ಎಲ್ಲರಿಗೂ ಒಂದೇ ಬಗೆ ಕೊಟ್ಟವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಚಪ್ಪಟೆ ಪಾದದ ಮಾತು ಬಂದಾಗ ನಮ್ಮ ಮಂಗಳೂರಿನ ಹೆಸರು ಬರಲೇಬೇಕು. ಅಲ್ಲಿನ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಲೇಖನವನ್ನು ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಿಸುತ್ತಾರೆ. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲಲ್ಲಿ ಬೆಳೆದವರಲ್ಲಿ 2.8. ಬಾಲ್ಯದಲ್ಲಿ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಓಡಾಡಿ ಬೆಳೆದ ನಮ್ಮ ಪೀಳಿಗೆಯ ಎಷ್ಟೋ ಜನರ ಪಾದ ಬೆರಳುಗಳ ಕಡೆ ಹರಡಿಕೊಂಡಿರುತ್ತದೆ. ಅಂಗಡಿಯಲ್ಲಿ ನಾವು ಮೊದಲು ಗಮನಿಸಬೇಕಾದ್ದು ಪಾದದ ಕಮಾನನ್ನಲ್ಲ, ಈ ಅಗಲವನ್ನು.

ಇನ್ನು ಕೊಳ್ಳುವ ವಿಚಾರ. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಡೆದಾಡಿದ ಪಾದ ತುಸು ಊದಿರುತ್ತದೆ, ದೂರದ ಓಟದಲ್ಲೂ ಹಾಗೆಯೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಎರಡೂ ಕಾಲಿಗೆ ತೊಟ್ಟು, ಲೇಸು ಬಿಗಿದು, ಎದ್ದು ನಿಂತು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಅತಿ ಉದ್ದದ್ದು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಎಷ್ಟೋ ಜನರಿಗೆ ಅದರ ಪಕ್ಕದ್ದು. ಕಿರುಬೆರಳಿನ ಹೊರಬದಿಗೆ ಒತ್ತಬಾರದು. ಒತ್ತಿದರೆ ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತಿಗೆ ಕಿವಿಗೊಡಬೇಡಿ. ಚರ್ಮದ ಷೂವಿನ ಕಾಲದ ಮಾತದು; ಈಗಿನ ಹೆಣೆದ ಬಟ್ಟೆ ಅಷ್ಟಾಗಿ ಹಿಗ್ಗುವುದಿಲ್ಲ. ಅಗಲದ ಅಳತೆ ಕೆಲವು ಕಂಪನಿಗಳಲ್ಲಿ ಬೇರೆಯೇ ಸಿಗುತ್ತದೆ, ಕೇಳಿ. ಹೆಂಗಸರು ಗಂಡಸರ ವಿಭಾಗದಲ್ಲಿ ಹುಡುಕಿದರೂ ತಪ್ಪಿಲ್ಲ.

ಆಮೇಲೆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ. ದಪ್ಪ ಷೂವಿನ ದೊಡ್ಡ ದೋಷ ತಿಳಿಯುವುದು ಇಲ್ಲಿಯೇ. ಅಟ್ಟೆ ಎತ್ತರವಾದಷ್ಟೂ ಪಾದ ನೆಲದಿಂದ ದೂರ. ಎತ್ತರವಾಗಿಯೂ ಕಿರಿದಾಗಿಯೂ ಇದ್ದರೆ ಮರಗಾಲಿನ ಮೇಲೆ ನಿಂತಂತೆ. ಪಾದ ಒಳಕ್ಕೂ ಹೊರಕ್ಕೂ ತೊನೆಯುತ್ತಿದ್ದರೆ ಆ ಜೋಡಿಯನ್ನು ಕೆಳಗಿಡಿ. ಹೊಸ ಡಾಂಬರಿನ ಮೇಲೆ ಅದು ಸುಖ ಕೊಡಬಹುದು. ಆದರೆ ಕಲ್ಲುಚಪ್ಪಡಿ ಎದ್ದ ಫುಟ್‌ಪಾತು, ರಸ್ತೆಗಿಂತ ಒಂದು ಅಂಗುಲ ಕೆಳಗಿರುವ ಮ್ಯಾನ್‌ಹೋಲ್ ಮುಚ್ಚಳ, ಬೀದಿನಾಯಿಗೆ ಹೆದರಿ ಪಕ್ಕಕ್ಕೆ ಜಿಗಿಯುವ ಪ್ರಸಂಗ ಇವೆಲ್ಲ ನಮ್ಮ ಓಟದ ಭಾಗಗಳು. ಅಲ್ಲಿ ಕಾಲು ಉಳುಕಿದರೆ ಆರು ವಾರ ಓಟವಿಲ್ಲ. ಅಟ್ಟೆಯ ಬುಡ ಮೇಲ್ಭಾಗಕ್ಕಿಂತ ಅಗಲವಾಗಿ ಹರಡಿರುವುದು, ಹಿಮ್ಮಡಿಯನ್ನು ಹಿಡಿಯುವ ಹಿಂಭಾಗ ಬೆರಳಲ್ಲಿ ಒತ್ತಿದರೆ ಸುಲಭವಾಗಿ ಕುಸಿಯದೆ ಇರುವುದು ಒಳ್ಳೆಯ ಲಕ್ಷಣಗಳು. ಅತಿ ಮೆತ್ತನೆಯದಕ್ಕಿಂತ ಒಂದು ಮಟ್ಟ ಗಟ್ಟಿಯಾಗಿರುವುದನ್ನೇ ನಾನು ಆರಿಸುತ್ತೇನೆ.

ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಬೆರಳುಗಳ ಕೆಳಗಿನ ದಪ್ಪಕ್ಕೂ ಇರುವ ಅಂತರವನ್ನು ಕೇಳಿ ತಿಳಿದುಕೊಳ್ಳಿ. ಅಂಗಡಿಯವರು ಇದನ್ನು ‘ಡ್ರಾಪ್’ ಎನ್ನುತ್ತಾರೆ. ಕೆಲವದರಲ್ಲಿ ಇದು 10 ಅಥವಾ 12 ಮಿಲಿಮೀಟರ್, ಕೆಲವದರಲ್ಲಿ 4 ಅಥವಾ 5. ಕಡಿಮೆಯಾದಷ್ಟೂ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜಿಗೂ ಹೆಚ್ಚು ಕೆಲಸ ಬೀಳುತ್ತದೆ. ಹಿಮ್ಮಡಿಯ ಹಿಂದೆ ನೋವಿದ್ದವರು ಹಳೆಯ 10ರ ಷೂವಿನಿಂದ ಹೊಸ 4ರ ಷೂವಿಗೆ ಹಾರಿ, ಅದೇ ಭಾನುವಾರ 15 ಕಿಲೋಮೀಟರ್ ಓಡುವುದು ನೋವನ್ನು ಮನೆಗೆ ಕರೆದಂತೆ. ತೂಕದ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳಬೇಡಿ. ಷೂವಿಗೆ ನೂರು ಗ್ರಾಂ ಹೆಚ್ಚಾದರೆ ಓಟದ ಶ್ರಮ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ, ಅಷ್ಟೇ. ಪದಕ ಗೆಲ್ಲುವವರಿಗೆ ಅದು ದೊಡ್ಡದು, ಮಾತನಾಡುತ್ತ ಓಡುವವರಿಗಲ್ಲ. ಒಳಗೆ ಕಾರ್ಬನ್ ತಗಡಿಟ್ಟ ಸ್ಪರ್ಧೆಯ ಷೂಗಳಂತೂ ಈ ಕೆಲಸಕ್ಕೆ ಬೇಡವೇ ಬೇಡ.

ಅಂಗಡಿಯ ಮುಂದಿನ ರಸ್ತೆಯಲ್ಲಿ ಎರಡು ನಿಮಿಷ ನಿಮ್ಮ ನಿಧಾನದ ವೇಗದಲ್ಲೇ ಓಡಿ ನೋಡಲು ಬಿಡುವಂತೆ ಕೇಳಿ. ಸಂಕೋಚ ಬೇಡ, ಹತ್ತು ಸಾವಿರ ಕೊಡುವವರು ನೀವು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ದಶಕಗಳ ಕಾಲ ಓಟದ ಷೂಗಳನ್ನು ಅಧ್ಯಯನ ಮಾಡಿದವರು. ಅವರು ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಾದ ಸರಳ: ಕಾಲಿಗೆ ಹಿತವೆನಿಸುವುದನ್ನು ಆರಿಸಿಕೊಳ್ಳಿ. ಅದು ಇನ್ನೂ ಪೂರ್ತಿ ಸಾಬೀತಾಗದ ವಾದವಾದರೂ, ನಮ್ಮ ಬಳಿ ಇರುವವುಗಳಲ್ಲಿ ಅದಕ್ಕಿಂತ ಉತ್ತಮವಾದ ಅಳತೆಗೋಲು ನನಗೆ ಕಾಣುವುದಿಲ್ಲ. ನನ್ನ ಸೇರ್ಪಡೆ ಒಂದೇ. ಹಿತವನ್ನು ದಣಿದ ಮೇಲೆ ಅಳೆಯಿರಿ. ಹೊಸ ಷೂವಿನಲ್ಲಿ ಮೊದಲು 3 ಕಿಲೋಮೀಟರ್, ಆಮೇಲೆ 5, 8 ಹೀಗೆ ಏರುತ್ತ, ಮೂರ್ನಾಲ್ಕು ವಾರಗಳ ನಂತರ ನಿಮ್ಮ ರೂಢಿಯ ಉದ್ದನೆಯ ಓಟಕ್ಕೆ ಒಯ್ಯಿರಿ. ಅದರ ಕೊನೆಯ ಮೂರು ಕಿಲೋಮೀಟರಿನಲ್ಲಿ ಗಮನ ಪಾದಗಳ ಮೇಲಿರಲಿ. ಅಂಗಾಲು ಉರಿಯುತ್ತಿದೆಯೇ? ಬೆರಳುಗಳು ಜೋಮು ಹಿಡಿದಿವೆಯೇ? ಹೆಜ್ಜೆ ಸಪ್ಪಳ ಮೊದಲಿಗಿಂತ ಜೋರಾಗಿ, ಪಟಪಟ ಎನ್ನುತ್ತಿದೆಯೇ? ಒಂದು ಬದಿಯ ಮಂಡಿಯೋ ಸೊಂಟವೋ ತನ್ನ ಇರುವಿಕೆಯನ್ನು ತಿಳಿಸುತ್ತಿದೆಯೇ? ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚಿದಂತಾಗುತ್ತದೆಯೇ? ಇವಕ್ಕೆಲ್ಲ ‘ಇಲ್ಲ’ ಎಂಬ ಉತ್ತರ ಬಂದರೆ ಆ ಷೂ ನಿಮಗೆ ಹೊಂದಿದೆ, ಅದು ಯಾವ ಕಂಪನಿಯದಾದರೂ ಸರಿ.

ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಈ ಹಿತದ ಅಳತೆಗೋಲು ಸಾಲದು. ಕಾಲಿನ ನರಗಳು ಮಂದವಾಗಿದ್ದರೆ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಮೆತ್ತನೆಯ ಷೂ ಆ ಮೌನಕ್ಕೆ ಇನ್ನಷ್ಟು ಹೊದಿಕೆ ಹೊದಿಸುತ್ತದೆ. ಅಂಥವರು ಓಟ ಆರಂಭಿಸುವ ಮುನ್ನ ವೈದ್ಯರಿಂದ ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸಿಕೊಳ್ಳಬೇಕು; ಪ್ರತಿ ಓಟದ ನಂತರ ಅಂಗಾಲನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಕಣ್ಣು ಸಾಲದಿದ್ದರೆ ಮನೆಯವರು ನೋಡಲಿ. ಇನ್ನೊಂದು ಎಚ್ಚರಿಕೆ ಎಲ್ಲರಿಗೂ: ಪಾದದ ಅಥವಾ ಮಂಡಿಯ ಕೆಳಗಿನ ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋಯುವುದು, ಓಡುತ್ತ ಹೋದಂತೆ ಹೆಚ್ಚುವುದು, ವಿಶ್ರಾಂತಿಯಲ್ಲೂ ಕಾಡುವುದು ಎಲುಬಿನಲ್ಲಿ ಕೂದಲೆಳೆಯ ಬಿರುಕಿನ ಲಕ್ಷಣವಿರಬಹುದು. ಆಗ ಷೂ ಬದಲಿಸುವುದಲ್ಲ, ಓಟ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣುವುದು ಮದ್ದು.

ಷೂವಿಗೂ ಆಯುಸ್ಸಿದೆ. 500ರಿಂದ 800 ಕಿಲೋಮೀಟರ್ ಎಂಬುದು ವಾಡಿಕೆಯ ಲೆಕ್ಕ. ವಾರಕ್ಕೆ 25 ಕಿಲೋಮೀಟರ್ ಓಡುವವರಿಗೆ ಐದರಿಂದ ಏಳೆಂಟು ತಿಂಗಳು ಬರುತ್ತದೆ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ, ಅಟ್ಟೆಯ ಬದಿಯಲ್ಲಿ ಆಳವಾದ ಸುಕ್ಕುಗಳು ಖಾಯಂ ಆಗಿದ್ದರೆ ಅದರ ಓಟ ಮುಗಿಯಿತು. ಸಾಧ್ಯವಿದ್ದವರು ಎರಡು ಬೇರೆ ಬೇರೆ ಬಗೆಯ ಜೋಡಿಗಳನ್ನು ಸರದಿಯಲ್ಲಿ ಬಳಸುವುದು ಲೇಸು. ಲಕ್ಸೆಂಬರ್ಗಿನಲ್ಲೇ 264 ಮಂದಿಯನ್ನು 22 ವಾರ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಮಾಡುವವರಿಗೆ ಗಾಯಗಳು ಗಣನೀಯವಾಗಿ ಕಡಿಮೆಯಿದ್ದವು. ನಮ್ಮ ಮಳೆಗಾಲದಲ್ಲಿ ಒಂದು ಜೋಡಿ ಒಣಗುವಷ್ಟರಲ್ಲಿ ಇನ್ನೊಂದು ಬೇಕೇ ಬೇಕು. ಒದ್ದೆಯಾದದ್ದನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಡಬೇಡಿ. ಹಳೆಯ ವೃತ್ತಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ.

ಎರಡು ಜೋಡಿಗೆ ಹಣವೆಲ್ಲಿ ಎನ್ನುವವರು ಕಳೆದ ವರ್ಷದ ಮಾದರಿಯನ್ನು ಕೇಳಬಹುದು. ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಎಷ್ಟೋ ಸಲ ಬದಲಾಗಿರುವುದು ಬಣ್ಣ ಮತ್ತು ಹೆಸರಿನ ಮುಂದಿನ ಸಂಖ್ಯೆ ಮಾತ್ರ. ಆದರೆ ಅದೇ ಹೆಸರು, ಅದೇ ಅಳತೆ ಎಂದು ತೊಟ್ಟುನೋಡದೆ ತರಿಸಬೇಡಿ. ಕೆಲವೊಮ್ಮೆ ಅಟ್ಟೆಯ ದಪ್ಪ, ಡ್ರಾಪ್, ಬೆರಳ ಜಾಗ ಮೂರೂ ಬದಲಾಗಿರುತ್ತವೆ. ಮನೆಯ ಒಳಗಷ್ಟೇ ನಡೆದುನೋಡಿದ ಜೋಡಿಯನ್ನು ಎಷ್ಟು ದಿನದೊಳಗೆ ಹಿಂದಿರುಗಿಸಬಹುದೆಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಡಿ.